ಖಂಡೇಪೂಜೆಯ ಚೆಂಡು

ಗಡಹಿಂಗ್ಲಜದ ಫುಟ್‌ಬಾಲಿಗಾಗಿ ಜೀವ ತೇಯ್ದ ಆ ಮನುಷ್ಯ ತಮ್ಮ ಆಯುಷ್ಯದಲ್ಲಿ ಒಂದೇ ಒಂದು ಸಲ ಚೆಂಡು ಒದ್ದಿದ್ದರು. ಅದು ಗೋಲಿನ ಕಡೆ ಹೋಗದೆ ಮೈದಾನದ ಪಕ್ಕದ ಹೊಲದ ಬಾವಿಗೆ ಬಿತ್ತು. ಒದ್ದವರ ಹೆಬ್ಬೆರಳಿನ ಉಗುರು ಕಿತ್ತು ಬಂತು. ಚೆಂಡು ತರಲು ಬಾವಿಗಿಳಿದ ಆಟಗಾರ ಕೆಳಗಿನಿಂದಲೇ ಬೈದ ಬೈಗುಳಗಳನ್ನು ಅವರು ಮುಂದೆ ಎಷ್ಟೋ ವರ್ಷ ಅಭಿಮಾನದಿಂದ ಹೇಳಿಕೊಂಡು ತಿರುಗಿದರು. "ಆವತ್ತ ತಿಳೀತ್ ನೋಡ್ರಿ ಮಾಸ್ತರ, ಒದಿಯೂದು ಬ್ಯಾರೆಯವರ ಕೆಲಸ. ನಮ್ಮ ಕೆಲಸ ನೋಡೂದು" ಎಂದು ನನಗೂ ಹೇಳಿದ್ದರು.

ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಕಾಕಾ ಎನ್ನುತ್ತಿದ್ದರು, ಅವರು ಓ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಬರೆದರೆ ಅವರ ಹೆಂಡತಿ ಕಾಕಿ ನನ್ನನ್ನು ಬಿಡುವುದಿಲ್ಲ.

ಅವರ ಹಿರಿಯರು ಕೃಷ್ಣೆಯ ಆಚೆ ದಂಡೆಯ ನೇಕಾರರು. ಕಾಕಾ ಹರೆಯದಲ್ಲಿ ಇಚಲಕರಂಜಿಗೆ ಬಂದು ಪವರಲೂಮಿನ ಮೇಲೆ ಕೆಲಸ ಮಾಡಿದ್ದರು. ಲಗ್ನವಾದ ಮೇಲೆ ಹೆಂಡತಿಯ ಊರಾದ ಗಡಹಿಂಗ್ಲಜಕ್ಕೆ ಬಂದು ಸೈಕಲ್ ಅಂಗಡಿ ಇಟ್ಟರು. ನಾನು ಸುಳಕೂಡಿನ ಜೈನರ ಮನೆಯವನು, ಎಪ್ಪತ್ತರ ದಶಕದ ಕೊನೆಗೆ ಗಡಹಿಂಗ್ಲಜದ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದೆ. ಬಂದ ವಾರದಲ್ಲೇ ನನ್ನ ಸೈಕಲ್ಲು ಪಂಕ್ಚರ್ ಆಯಿತು. ಕಾಕಾ ಟ್ಯೂಬು ಹೊರಗೆ ತೆಗೆದು, ನೀರಿನ ಬೋಗುಣಿಯಲ್ಲಿ ಮುಳುಗಿಸಿ, "ಯಾವ ಟೀಮಿನವರ್ರಿ ನೀವು?" ಎಂದು ಕೇಳಿದರು. ನಾನು ಫುಟ್‌ಬಾಲ್ ನೋಡುವುದಿಲ್ಲ ಎಂದೆ. ಅವರು ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದು ಚಹಾ ಕುಡಿಯಲು ಹೋದರು. ಆ ಸಂಜೆ ಮೈದಾನಕ್ಕೆ ಹೋಗಿ ಮುಖ ತೋರಿಸಿ ಬಂದ ಮೇಲೆಯೇ ನನ್ನ ಸೈಕಲ್ಲು ನನಗೆ ಸಿಕ್ಕಿತು.

ನಮ್ಮ ಟೀಮಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ಸೋಲುತ್ತಿತ್ತು. ದೀಪಾವಳಿಗೆ ಊರಲ್ಲಿ ದೊಡ್ಡ ಟೂರ್ನಮೆಂಟ್ ಆಗುತ್ತಿತ್ತು, ಕೊಲ್ಹಾಪುರದ ಪೇಟೆಗಳ ತಾಲೀಮು, ಅಂದರೆ ಗರಡಿಮನೆಯ, ತಂಡಗಳು ಟ್ರಕ್ಕು ತುಂಬ ಜನ ಕಟ್ಟಿಕೊಂಡು ಬರುತ್ತಿದ್ದವು. ನಮ್ಮವರು ಮೊದಲ ಸುತ್ತಿನಲ್ಲೇ ಅವರ ಕೈಗೆ ಸಿಕ್ಕು, ಮನೆಗೆ ಹೋಗಿ ಫರಾಳದ ಚಕ್ಕಲಿ ತಿನ್ನುತ್ತಿದ್ದರು. ಹಾಗಾಗಿ ಕಾಕಾ ಟೂರ್ನಮೆಂಟಿಗೆ ಹೆಚ್ಚಿನ ಕಿಮ್ಮತ್ತು ಕೊಡುತ್ತಿರಲಿಲ್ಲ. ಅವರು ವರ್ಷವಿಡೀ ಹಾದಿ ಕಾಯುತ್ತಿದ್ದುದು ಅದಕ್ಕಿಂತ ಮುಂಚೆ, ನವರಾತ್ರಿಯ ಆಸುಪಾಸು ನಡೆಯುವ ಕ್ಯಾಂಪಿಗೆ. ಕೊಲ್ಹಾಪುರದಿಂದ ಒಬ್ಬ ಕೋಚ್ ಬಂದು ಧರ್ಮಶಾಲೆಯಲ್ಲಿ ಇಳಿಯುತ್ತಿದ್ದ, ಆಟಗಾರರು ಮುಂಜಾನೆ ಓಡುತ್ತಿದ್ದರು, ಸಂಜೆ ಆಡುತ್ತಿದ್ದರು. ಊರವರು ಗೋಡೆಯ ಮೇಲೆ ಕೂತು ಯಾರು ದಪ್ಪಗಾಗಿದ್ದಾರೆ, ಯಾರ ಕಾಲು ಚುರುಕಾಗಿದೆ ಎಂದು ತೀರ್ಪು ಕೊಡುತ್ತಿದ್ದರು.

"ಆಡೋದು ನಮ್ಮವರ ನಮ್ಮವರ ಕೂಡ. ಅದರಾಗ ಏನ್ ಐತಿ ನೋಡೂದು?" ಎಂದು ನಾನು ಒಮ್ಮೆ ಕೇಳಿದೆ.

"ಮಾಸ್ತರ, ನೀವು ಕಲಿತವರು, ಇಷ್ಟ ತಿಳೀವಲ್ದು? ಕ್ಯಾಂಪಿನ್ಯಾಗ ನಮ್ಮ ಟೀಮ್ ಇನ್ನೂ ಒಮ್ಮೆನೂ ಸೋತಿಲ್ಲ."

ಮಳೆಗಾಲದಲ್ಲಿ ಅವರ ಚಡಪಡಿಕೆ ನೋಡಬೇಕಿತ್ತು. ನಾಗರಪಂಚಮಿ ಆಯಿತೆಂದರೆ ದಿನಾ ಮುಂಜಾನೆ ಸೈಕಲ್ ಚಕ್ರದ ಒಂದು ಕಡ್ಡಿ ಹಿಡಿದು ಮೈದಾನಕ್ಕೆ ಹೋಗುತ್ತಿದ್ದರು. ಪೆನಾಲ್ಟಿ ಒದೆಯುವ ಜಾಗದಲ್ಲಿ ಕಡ್ಡಿ ಚುಚ್ಚಿ ಎಷ್ಟು ಆಳ ಹೋಗುತ್ತದೆ ಎಂದು ನೋಡುತ್ತಿದ್ದರು. ಅಂಗಡಿಯ ಮುಂದೆ ಜನ ಕಾದಿರುತ್ತಿದ್ದರು. ಹಾಲಿನವನು, ಪೋಸ್ಟಿನವನು, ಕಟಿಂಗ್ ಅಂಗಡಿಯವನು ಎಲ್ಲರ ಬಾಯಲ್ಲೂ ಒಂದೇ ಮಾತು.

"ಎಷ್ಟ ಹೋತ್ರಿ ಕಾಕಾ ಇವತ್ತ?"

"ಗೇಣ ಹೋತು. ಇನ್ನೂ ಭಾಳ ಹಸಿ ಐತಿ."

ಗಣಪತಿ ಹೋಗುವ ಹೊತ್ತಿಗೆ ಅದು ಬೆರಳಿನಷ್ಟಕ್ಕೆ ಇಳಿಯುತ್ತಿತ್ತು. ಕಡ್ಡಿ ಒಳಗೆ ಹೋಗದೆ ಬಾಗಿದ ದಿನ ಕಾಕಾ ಬಾಗಿದ ಕಡ್ಡಿಯನ್ನು ಅಂಗಡಿಯ ಬಾಗಿಲಿಗೆ ಸಿಗಿಸುತ್ತಿದ್ದರು. ಅದನ್ನು ನೋಡಿ ಟೀಮಿನ ಕಮಿಟಿಯವರು ಕೋಚಿಗೆ ಹೇಳಿ ಕಳಿಸುತ್ತಿದ್ದರು. ಪಂಚಾಂಗ ನೋಡಿ ಲಗ್ನ ಮಾಡುವವರೂ ಕ್ಯಾಂಪಿನ ವಿಷಯಕ್ಕೆ ಆ ಕಡ್ಡಿಯನ್ನೇ ನಂಬುತ್ತಿದ್ದರು.

ಆಟಗಾರರಿಗೆ ಕುದಿಸಿದ ತತ್ತಿ ಕೊಡುವುದೂ ಕಾಕಾನ ಜವಾಬ್ದಾರಿ. ಮಹಾಗಾಂವದಿಂದ ತತ್ತಿ ಬರುತ್ತಿದ್ದವು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಪಂಕ್ಚರ್ ನೋಡುವ ಬೋಗುಣಿಯಲ್ಲೇ ಮುಳುಗಿಸಿ ನೋಡುತ್ತಿದ್ದರು. ಮುಳುಗಿದರೆ ಆಟಗಾರನಿಗೆ, ತೇಲಿದರೆ ಎದುರಿನ ಚರಂಡಿಗೆ. ನಾನು ಜೈನ ಎಂಬ ಕಾರಣಕ್ಕೆ ಆ ಹೊತ್ತಿನಲ್ಲಿ ನನ್ನ ಸ್ಟೂಲನ್ನು ರಸ್ತೆಯ ಕಡೆ ತಿರುಗಿಸುತ್ತಿದ್ದರು. "ನೀವು ಆ ಕಡೆ ನೋಡ್ರಿ, ಪಾಪ ನನಗಷ್ಟ ಇರ್ಲಿ" ಎನ್ನುತ್ತಿದ್ದರು. ಅದು ಅವರ ಮರ್ಯಾದೆ.

ಅವರು ಮಾಡಿದ ಇನ್ನೊಂದು ಕಾಯಿದೆ ಇತ್ತು, ಈ ಕಥೆಯೆಲ್ಲ ಅದರ ಸುತ್ತಲೇ ಇದೆ. ಖಂಡೇನವಮಿಗೆ ನಮ್ಮ ಕಡೆ ಎಲ್ಲರೂ ತಮ್ಮ ತಮ್ಮ ಕಸಬಿನ ಸಾಮಾನು ಪೂಜೆ ಮಾಡುತ್ತಾರೆ. ಪೂಜೆಗೆ ಇಟ್ಟದ್ದನ್ನು ಮರುದಿನ ದಸರೆಗೆ ಎತ್ತುವ ತನಕ ಯಾರೂ ಮುಟ್ಟುವುದಿಲ್ಲ. ಕಾಕಾ ತಮ್ಮ ನಟ್ಟು ಬಿಚ್ಚುವ ಪಾನಾ, ಪಂಪುಗಳ ಜೊತೆ ಟೀಮಿನ ಚೆಂಡುಗಳನ್ನೂ ಇಡುತ್ತಿದ್ದರು, ಪಂಕ್ಚರ್ ಆಗಿ ಮೂಲೆಗೆ ಬಿದ್ದದ್ದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಹಿಂದೆ ಯಾರೋ ಹುಂಬ ಆ ದಿನ ಚೆಂಡು ಒದ್ದನಂತೆ, ಆ ದೀಪಾವಳಿಗೆ ಟೀಮು ಮೊದಲ ದಿನವೇ ಸೋತಿತಂತೆ. ಒದೆಯದ ವರ್ಷಗಳಲ್ಲೂ ಮೊದಲ ದಿನವೇ ಸೋಲುತ್ತಿತ್ತು, ಆದರೆ ಅದು ಬೇರೆ ಲೆಕ್ಕ. ಹೊಸದಾಗಿ ಬಂದ ಕೋಚ್, "ಅಹೋ ಕಾಕಾ, ಬಾಲಚೀ ಕಸಲೀ ಪೂಜಾ?" ಎಂದು ನಕ್ಕ. ಚೆಂಡಿಗೆಂಥ ಪೂಜೆ ಅಂದದ್ದಕ್ಕೆ ಕಾಕಾ ಅವನ ಕೊರಳಲ್ಲಿದ್ದ ಊದುವ ಶಿಟ್ಟಿಯನ್ನೇ ತೆಗೆದುಕೊಂಡು ಅದಕ್ಕೂ ಕುಂಕುಮ ಹಚ್ಚಿ ಸಾಲಿನಲ್ಲಿ ಇಟ್ಟರು. ಅಂದಿನಿಂದ ನವಮಿಯ ದಿನ ಕ್ಯಾಂಪಿಗೆ ಸುಟ್ಟಿ, ಅಂದರೆ ರಜೆ.

ಎಂಬತ್ತರ ದಶಕ ಶುರುವಾದಾಗ ನಮಗೆ ಒಬ್ಬ ಆಟಗಾರ ಹುಟ್ಟಿಕೊಂಡ. ಸಿದ್ರಾಮ ಅಂತ. ಕಡ್ಡಿ ಕಾಲಿನವನು, ಆದರೆ ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಅವನಿಂದಾಗಿ ನಾವು ಒಂದು ವರ್ಷ ಎರಡನೇ ಸುತ್ತಿಗೆ ಹೋದೆವು. ಅದರ ಗುಂಗು ಇಳಿಯುವ ಮುಂಚೆಯೇ ಅವನಿಗೆ ಇಚಲಕರಂಜಿಯ ಒಂದು ಲೂಮಿನ ಕಾರಖಾನೆಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ತಾಯಿ, ತಂಗಿಯರು, ಕೆಲಸ ಬೇಕೇ ಬೇಕಿತ್ತು. ಅವನು ಹೋದ. ಆ ಮಳೆಗಾಲ ಕಾಕಾನ ಅಂಗಡಿಯ ಮುಂದೆ ಕಡ್ಡಿ ಎಷ್ಟು ಹೋಯಿತು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಸಿದ್ರಾಮ ಕ್ಯಾಂಪಿಗೆ ಬರುತ್ತಾನೋ ಇಲ್ಲವೋ ಎಂದು.

ಗಣಪತಿ ಹೋದ ಮೇಲೆ ಕಾಕಾ ನನ್ನನ್ನು ಕಟ್ಟಿಕೊಂಡು ಇಚಲಕರಂಜಿಗೆ ಹೋದರು. ಮಾಸ್ತರ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ ಎಂದು ಅವರ ಲೆಕ್ಕ. ಕಾರಖಾನೆಯ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ, ತೂಕದ ಮಾತು ದೂರ ಉಳಿಯಿತು. ಶೇಟರು ಸಭ್ಯರು, ನಮ್ಮ ಜೈನರ ಪೈಕಿಯವರೇ. ನಮ್ಮನ್ನು ಹೊರಗೆ ಕರೆದುಕೊಂಡು ಬಂದು ಕೂರಿಸಿದರು.

"ದಿವಾಳಿ ಬಂತ್ರಿ. ಬಟ್ಟಿಗೆ ಭಾಳ ಡಿಮಾಂಡ್ ಐತಿ. ಈಗ ಅಂವನ್ನ ಬಿಟ್ರ ಮಗ್ಗ ನಿಂದರತಾವು. ಬದಲಿ ಮನಷ್ಯಾನ್ನ ಕೊಡ್ರಿ, ಸಂತೋಷದಿಂದ ಬಿಡತೇನಿ."

ಬದಲಿ ಎಲ್ಲಿಂದ ತರುವುದು? ಹಬ್ಬದ ಮುಂದೆ ಕೈ ಖಾಲಿ ಇದ್ದ ನೇಕಾರ ಆ ಊರಲ್ಲಿ ಒಬ್ಬನೂ ಇರಲಿಲ್ಲ. ಸಿದ್ರಾಮ ತಲೆ ಬಗ್ಗಿಸಿ ನಿಂತಿದ್ದ. ಕಾಕಾ ಎದ್ದು ಒಳಗೆ ಹೋದರು. ಹೋಗಿ ಸಿದ್ರಾಮನ ಮಗ್ಗದ ಮುಂದೆ ನಿಂತು, ಹರಿದಿದ್ದ ಒಂದು ಎಳೆಯನ್ನು ಗಂಟು ಹಾಕಿ, ಮಗ್ಗ ಚಾಲೂ ಮಾಡಿದರು. ಇಪ್ಪತ್ತು ವರ್ಷ ಮುಟ್ಟದ ಕೆಲಸ. ಲಾಳಿ ಸರಿಯಾಗಿ ಓಡಿತು. ತಿರುಗಿ ಬಾಗಿಲಲ್ಲಿ ನಿಂತ ನಮ್ಮನ್ನು ನೋಡಿ ಏನೋ ಕೂಗಿದರು, ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಹೇಳಿದರು.

"ಬದಲಿ ಸಿಕ್ಕಾನ ಅಂತ ಶೇಟಜಿಗೆ ಹೇಳ್ರಿ."

"ಕಾಕಾ, ಕ್ಯಾಂಪ್ ನೀವ ನೋಡದ ಹೋದ್ರ ಹೆಂಗ್ರಿ?" ಎಂದ ಸಿದ್ರಾಮ.

"ನಾ ಇಲ್ಲಂದ್ರ ಕ್ಯಾಂಪ್ ಆಗತೈತಿ. ನೀ ಇಲ್ಲಂದ್ರ ಅದು ವಾಕಿಂಗ್ ಆಗತೈತಿ. ನಡಿ, ಬಸ್ಸಿಗೆ ಹೊತ್ತಾತು."

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಸಿದ್ರಾಮ ಕೂತಿದ್ದ. ನನಗೆ ನಿಜವಾಗಿ ಕೆಡುಕೆನಿಸಿತ್ತು. ವರ್ಷದಲ್ಲಿ ಒಂದೇ ಸುಖ ಬೇಡುವ ಮನುಷ್ಯ ಅದನ್ನೂ ಕೊಟ್ಟುಬಿಟ್ಟಿದ್ದರು. ಮನೆಗೆ ಹೋಗಿ ಕಾಕಿಗೆ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾಕಿ ರೊಟ್ಟಿ ಬಡಿಯುತ್ತಲೇ ಕೇಳಿದರು.

"ಮಂದಿ ಗಂಡಂದಿರು ಜೂಜಾಡಿ ಓಡಿ ಹೋಗತಾರ, ಕುಡದು ಓಡಿ ಹೋಗತಾರ. ನನ್ನ ಗಂಡ ಫುಟ್‌ಬಾಲಿಗೆ ಅಂತ ಮಗ್ಗಕ್ಕ ಓಡಿ ಹೋಗ್ಯಾನ. ಇದನ್ನ ಯಾರ ಮುಂದ ಹೇಳ್ಲಿ ಮಾಸ್ತರ ನಾ?"

ಕಡ್ಡಿ ಬಾಗಿತು, ಕ್ಯಾಂಪು ಶುರುವಾಯಿತು. ಕಡ್ಡಿ ಚುಚ್ಚುವ ಕೆಲಸ ಪೋಸ್ಟಿನವನು ಮಾಡಿದ, ಆದರೆ ಅವನಿಗೆ ಯಾರೂ ಕಾಕಾನಷ್ಟು ಮರ್ಯಾದೆ ಕೊಡಲಿಲ್ಲ. ಸಿದ್ರಾಮ ಹುಚ್ಚನಂತೆ ಓಡಿದ. ಗೋಲು ಕಾಯುವ ಬಾಳು ಅವನ ಹೊಡೆತ ತಡೆದು ತಡೆದು ಮೊಣಕೈ ಕೆತ್ತಿಕೊಂಡ. ಗೋಡೆಯ ಹತ್ತಿರ ಕಾಕಾ ಕೂರುವ ಜಾಗವನ್ನು ಜನ ಖಾಲಿ ಬಿಟ್ಟಿದ್ದರು, ಅಲ್ಲಿ ಅವರ ಕಟ್ಟಿಗೆಯ ಪೆಟ್ಟಿಗೆ ಮಾತ್ರ ಇತ್ತು. ಒಮ್ಮೆ ಒಂದು ಆಡು ಅದರ ಮೇಲೆ ಹತ್ತಿತ್ತು, ಅದನ್ನೂ ಓಡಿಸಿದರು.

ನವಮಿಯ ದಿನ ಮಧ್ಯಾಹ್ನ ನಾನು ಕಾಕಾನ ಅಂಗಡಿಯಲ್ಲಿದ್ದೆ. ಕಾಕಿ ಪೂಜೆ ಮುಗಿಸಿದ್ದರು. ಪಂಪು, ಪಾನಾ, ಕೋಚಿನ ಶಿಟ್ಟಿ, ಚೆಂಡುಗಳು, ಎಲ್ಲಕ್ಕೂ ಅರಿಷಿಣ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಕಾಕಾ ಬಂದರು. ತಲೆ, ಹುಬ್ಬು, ಮೀಸೆ ಎಲ್ಲ ಹತ್ತಿಯ ಧೂಳು. ಮಗ್ಗದ ಗದ್ದಲದಲ್ಲಿ ಇದ್ದು ಇದ್ದು ಸಾದಾ ಮಾತನ್ನೂ ಕೂಗಿ ಆಡುತ್ತಿದ್ದರು.

ಆದದ್ದಿಷ್ಟು. ಮುಂಜಾನೆ ಇಚಲಕರಂಜಿಯ ಮಗ್ಗಗಳೆಲ್ಲ ನಿಂತು ಪೂಜೆಯಾಗಿದೆ. ಊರೇ ಒಮ್ಮೆಲೇ ಸುಮ್ಮನಾದದ್ದನ್ನು ಕೇಳಿ ಇವರಿಗೆ ಹೊಳೆದದ್ದು ಒಂದೇ, ಇವತ್ತು ಸುಟ್ಟಿ, ಓಡಿ ಹೋದರೆ ಸಂಜೆಯ ಕ್ಯಾಂಪು ಸಿಗುತ್ತದೆ. ಮರುದಿನ ದಸರೆಯ ಮುಂಜಾನೆ ಮುಹೂರ್ತಕ್ಕೆ ಮಗ್ಗ ಚಾಲೂ ಮಾಡಬೇಕು, ಅಷ್ಟರೊಳಗೆ ಮರಳಿದರೆ ಆಯಿತು. ಸಿಕ್ಕ ಬಸ್ಸು ಹತ್ತಿದರು. ಮಗ್ಗಕ್ಕೆ ಪೂಜೆ ಇರುವ ದಿನ ಚೆಂಡಿಗೂ ಪೂಜೆ ಇರುತ್ತದೆ ಎಂಬುದು ಅವರಿಗೆ ನೆನಪಾದದ್ದು ಅರ್ಧ ದಾರಿಯ ಮುರಗೂಡ ದಾಟಿದ ಮೇಲೆ.

"ಬಸ್ಸಿನ್ಯಾಗ ತಲಿ ತಲಿ ಬಡಕೊಂಡ್ನಿ" ಎಂದು ಕೂಗಿದರು. "ಬಾಜೂಕ ಕುಂತ ಮುದಿಕಿ, ಯಾರರೆ ಸತ್ತಾರೇನ ತಮ್ಮಾ ಅಂತ ಕೇಳಿದ್ಲು."

ಸುದ್ದಿ ಹರಡಿ ಆಟಗಾರರೆಲ್ಲ ಅಂಗಡಿಗೆ ಬಂದರು, ಕೋಚೂ ಬಂದ. ಎಲ್ಲರೂ ಹೂವಿನ ಕೆಳಗಿದ್ದ ಚೆಂಡು ನೋಡಿದರು, ಕಾಕಾನ ಮುಖ ನೋಡಿದರು. ಕೊನೆಗೆ ಬಾಯಿ ಬಿಟ್ಟವರು ಕಾಕಿ. ಫುಟ್‌ಬಾಲು ಅಂದರೆ ಮೂಗು ಮುರಿಯುತ್ತಿದ್ದ, ಒಂದು ದಿನವೂ ಮೈದಾನದ ಕಡೆ ಹಾಯದ ಕಾಕಿ.

"ತಗೊಂಡ ಹೋಗ್ರಿ ಚಂಡ. ದೇವರಿಗೆ ನಾ ಹೇಳತೇನಿ."

ಸಿದ್ರಾಮ ಕೈ ಚಾಚಿಯೇ ಬಿಟ್ಟಿದ್ದ. ಕಾಕಾ ಅವನ ಕೈ ಹಿಡಿದರು.

"ಬ್ಯಾಡ. ಇವತ್ತ ಒದ್ದು, ದಿವಾಳಿಗೆ ಸೋತೀರಿ ಅಂದ್ರ ಮಂದಿ ನಿನ್ನ ತಲಿಗೆ ಕಟ್ಟತಾರ. ಸಿದ್ರಾಮ ಪೂಜಿ ಚಂಡ ಒದ್ದ, ಅದಕ್ಕ ಸೋತ್ರು ಅಂತಾರ. ನನಗ ನೋಡೂ ಚಟ. ಅದರ ಸಲುವಾಗಿ ನಿನಗ ಯಾಕ ಆ ಮಾತು?"

"ಹಂಗಾರ ಸುಮ್ಮ ತಿರಗಿ ಹೋಗತೀರೇನ್ರಿ?"

"ಮತ್ತೇನ ಮಾಡ್ಲಿ? ಕಾಯಿದೆ ನಾನ ಮಾಡೇನಿ, ಹುಚ್ಚ ನನ್ನ ಮಗ."

ಸಿದ್ರಾಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ, "ಚಂಡ ಮುಟ್ಟಬಾರ್ದು ಅಂತ ಕಾಯಿದೆ ಐತಿ. ಆಡಬಾರ್ದು ಅಂತ ಇಲ್ಲಲ್ರಿ" ಎಂದು ಹೊರಟ. ಉಳಿದವರು ಅವನ ಹಿಂದೆ ಹೊರಟರು.

ಆ ಸಂಜೆ ನಾನು ನೋಡಿದ ಆಟವನ್ನು ಮತ್ತೆಲ್ಲೂ ನೋಡಿಲ್ಲ. ಕಾಕಾ ತಮ್ಮ ಪೆಟ್ಟಿಗೆಯ ಮೇಲೆ ಕೂತರು. ಶಿಟ್ಟಿಯೂ ಪೂಜೆಯಲ್ಲಿದ್ದುದರಿಂದ ಕೋಚ್ ಬಾಯಲ್ಲಿ ಎರಡು ಬೆರಳಿಟ್ಟು ಶಿಳ್ಳೆ ಹಾಕಿದ. ಚೆಂಡಿಲ್ಲದೆ ಆಟ ಶುರುವಾಯಿತು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಒಬ್ಬ ಒದ್ದಂತೆ ಮಾಡಿದ, ಇನ್ನೊಬ್ಬ ಎದೆಯಲ್ಲಿ ತಡೆದಂತೆ ಮಾಡಿದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಯಾಕೆಂದರೆ ಕಾಕಾ ನಗುತ್ತಿರಲಿಲ್ಲ. ಅವರಿಗೆ ಚೆಂಡು ಕಾಣುತ್ತಿತ್ತು. "ಎಡಕ್ಕ ಕೊಡೊ, ಅಂವ ಖಾಲಿ ನಿಂತಾನ" ಎಂದು ಮಗ್ಗದ ಗಂಟಲಿನಲ್ಲಿ ಕೂಗಿದರು. ಎಡಕ್ಕೆ ಕೊಟ್ಟರು. "ಔಟ್ ಹೋತು" ಎಂದರೆ ಒಬ್ಬ ಹೋಗಿ ಪೊದೆಯಿಂದ ಇಲ್ಲದ ಚೆಂಡನ್ನು ಎತ್ತಿ ತಂದ. ಇಬ್ಬರು ಯಾರ ಕಾಲಿಗೆ ತಗಲಿ ಔಟಾಯಿತೆಂದು ಕೈ ಮಿಲಾಯಿಸುವಷ್ಟು ಜಗಳಾಡಿದರು. ಜಗಳವಾಗಿದ್ದು ನಿಜದ್ದೇ, ಬಿಡಿಸಲು ನಾನೇ ಹೋಗಬೇಕಾಯಿತು.

ಹೊತ್ತು ಮುಳುಗುವ ಮುಂಚೆ ಕೋಚ್ ಪೆನಾಲ್ಟಿ ಕೊಟ್ಟ. ಸಿದ್ರಾಮ ಚೆಂಡಿಡುವಂತೆ ಬಗ್ಗಿ, ನೆಲ ಸವರಿ, ಹಿಂದೆ ಸರಿದು ಓಡಿ ಬಂದು ಒದ್ದ. ಬಾಳು ಬಲಕ್ಕೆ ಜಿಗಿದು ಬಿದ್ದ. ಎದ್ದವನ ಅಂಗಿಯಲ್ಲಿ ಧೂಳು, ಮುಖದಲ್ಲಿ ಪ್ರಶ್ನೆ. ಎಲ್ಲರೂ ಕಾಕಾನ ಕಡೆ ತಿರುಗಿದರು. ಆವತ್ತಾದರೂ ಗೋಲು ಅಂದಾರು ಎಂದು ನಾನು ಎಣಿಸಿದ್ದೆ. ಕಾಕಾ ಕಣ್ಣು ಕಿರಿದು ಮಾಡಿ ಆಕಾಶ ನೋಡಿದರು.

"ಬಾರಿನ ಮ್ಯಾಲಿಂದ ಹೋತು" ಎಂದರು. "ಮೈ ಹಿಂದಕ್ಕ ಒಗದಿ ನೀ."

ಸಿದ್ರಾಮ ಸಿಟ್ಟಿಗೆದ್ದು ನೆಲ ಒದ್ದ. ಕಾಕಾ ಎದ್ದು, ಪೆಟ್ಟಿಗೆ ಝಾಡಿಸಿ, "ಕ್ಯಾಂಪ್ ಚೊಲೋ ನಡದೈತಿ" ಎಂದು ಸರ್ಟಿಫಿಕೇಟು ಕೊಟ್ಟು, ಕೊನೆಯ ಬಸ್ಸು ಹಿಡಿದು ಇಚಲಕರಂಜಿಗೆ ಹೋದರು. ಮೀಸೆಯ ಹತ್ತಿಯನ್ನು ಕೊಡವಲೂ ಇಲ್ಲ.

ದೀಪಾವಳಿಗೆ ಮಗ್ಗಗಳು ನಿಂತಾಗ ಅವರೂ ಊರಿಗೆ ಬಂದರು. ಕೊಲ್ಹಾಪುರದ ತಂಡದ ಮೇಲೆ ನಮಗೊಂದು ಪೆನಾಲ್ಟಿ ಸಿಕ್ಕಿತು, ಊರಿಗೆ ಊರೇ ಉಸಿರು ಹಿಡಿಯಿತು. ಸಿದ್ರಾಮ ಮೈ ಹಿಂದಕ್ಕೆ ಒಗೆದು ಒದ್ದ. ಚೆಂಡು ಬಾರಿನ ಮೇಲಿಂದ ಹೋಗಿ ಅದೇ ಬಾವಿಗೆ ಬಿತ್ತು. ನಾವು ಸೋತೆವು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಕಾಕಾ ಒಬ್ಬರ ಮುಖದಲ್ಲಿ ಸಮಾಧಾನವಿತ್ತು. ಬಿಕ್ಕುತ್ತಿದ್ದ ಸಿದ್ರಾಮನ ಬೆನ್ನು ಸವರುತ್ತಾ, "ಅಳಬ್ಯಾಡ. ಕ್ಯಾಂಪಿನ್ಯಾಗ ಹೆಂಗ ಒದ್ದಿದ್ದಿ ಹಂಗ ಒದ್ದಿ. ಅಂದ್ರ ನಾ ಖರೇನ ನೋಡೇನಿ" ಎಂದರು. ಅದು ಸಾಂತ್ವನವೋ, ಜಂಬವೋ ನನಗೆ ಇವತ್ತಿಗೂ ತಿಳಿದಿಲ್ಲ.

ಸಿದ್ರಾಮ ಇಚಲಕರಂಜಿಗೆ ಮರಳಿದ, ಮುಂದೆ ಅಲ್ಲೇ ಕೆಲಸಗಾರರ ಮೇಲಿನ ಮುಕಾದಮನಾದ. ನನಗೆ ಕೊಲ್ಹಾಪುರಕ್ಕೆ ಬದಲಿಯಾಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಮುಂಜಾನೆ ಮೈದಾನಕ್ಕೆ ಹೋಗಿ ಬಂದು, ಗೇಣು ಹೋಯಿತು ಎಂದು ವರದಿ ಕೊಟ್ಟು, ಅಂಗಡಿಯಲ್ಲಿ ಒರಗಿದವರು ಏಳಲಿಲ್ಲ. ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕೆ ನವಮಿಗೆ ಹೋದೆ.

ಕಾಕಿ ಅಂಗಡಿ ತೆಗೆದು ಎಂದಿನಂತೆ ಪೂಜೆ ಮಾಡಿದ್ದರು. ಸಿದ್ರಾಮನೂ ಮಗ್ಗದ ಪೂಜೆ ಮುಗಿಸಿ ಬಂದಿದ್ದ. ಕಡ್ಡಿ ಕಾಲಿನವನಿಗೆ ಹೊಟ್ಟೆ ಬಂದಿತ್ತು. ಎಸ್.ಟಿ. ಬಸ್ಸಿನ ಕಂಡಕ್ಟರನಾಗಿದ್ದ ಬಾಳು ಖಾಕಿಯಲ್ಲೇ ಬಂದಿದ್ದ. ಸಂಜೆ ನಾವು ಮೈದಾನಕ್ಕೆ ಹೊರಟಾಗ ಕಾಕಿ ಬಾಗಿಲು ಎಳೆದುಕೊಂಡು, "ನಾನೂ ಬರತೇನಿ ತಡೀರಿ" ಎಂದು ಸೆರಗು ಹೊದ್ದು ಬಂದರು. ಜೀವನದಲ್ಲಿ ಮೊದಲ ಸಲ. ಗೋಡೆಯ ಹತ್ತಿರ ಆ ಪೆಟ್ಟಿಗೆ ಇತ್ತು, ಕೂತರು.

ಸಿದ್ರಾಮ ಪೆನಾಲ್ಟಿಯ ಜಾಗಕ್ಕೆ ಹೋಗಿ ಬಗ್ಗಿ ಇಲ್ಲದ ಚೆಂಡನ್ನು ಇಟ್ಟ. ಬಾಳು ಟಿಕೀಟಿನ ಚೀಲ ನನ್ನ ಕೈಗೆ ಕೊಟ್ಟು ಗೋಲಿನಲ್ಲಿ ನಿಂತ. ಸಿದ್ರಾಮ ಹೊಟ್ಟೆ ಹೊತ್ತುಕೊಂಡು ಓಡಿ ಬಂದು ಒದ್ದ. ಬಾಳು ಖಾಕಿಯ ಸಮೇತ ಬಲಕ್ಕೆ ಬಿದ್ದ. ಆಮೇಲೆ ಇಬ್ಬರೂ ಹಾಗೇ ಇದ್ದರು, ಒಬ್ಬ ನಿಂತು, ಒಬ್ಬ ಮಲಗಿ. ಆವತ್ತಿನಂತೆಯೇ ಇಬ್ಬರೂ ಪೆಟ್ಟಿಗೆಯ ಕಡೆ ನೋಡಿದರು. ಅಲ್ಲಿ ತೀರ್ಪು ಕೊಡುವವರಿರಲಿಲ್ಲ.

ಕಾಕಿ ಕಣ್ಣು ಕಿರಿದು ಮಾಡಿ ಗೋಲಿನ ಕಡೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಒಳಗ ಹೋಗೇತಿ" ಎಂದರು. "ಏಳಪಾ ಬಾಳೂ, ಅರಿವಿ ಹೊಲಸ ಆಗತಾವು."